ಕಾರವಾರದ ಪೊಲೀಸ್ ಸರಹದ್ದಿನ ಚರಿತ್ರೆ: ಯಾವ ಕಾಗದ ಎಲ್ಲಿ ಹುಡುಕಬೇಕು?

ಪ್ರಶ್ನೆ: ಕೋಡಿಬಾಗ_ಓಣಿ
ಕೋಡಿಬಾಗ, ಕಾಜುಬಾಗ, ಬೈತಕೋಲ ಮತ್ತು ಕಾಳಿ ನದಿಯ ಆಚೆಯ ಸದಾಶಿವಗಡ, ಇಷ್ಟು ಹಿಡಿದು ಪೊಲೀಸ್ ವ್ಯವಸ್ಥೆ ಮತ್ತು ಅಲ್ಲಿನ ಜನರ ಚರಿತ್ರೆಯ ಚಿಕ್ಕ ಪುಸ್ತಿಕೆ ತಯಾರಾಗುತ್ತಿದೆ. ಕರಡಿನಲ್ಲಿ ಮೂರು ಕಡೆ ಗಂಟು ಬಿದ್ದಿದೆ. "1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದಾಗ ಇಲ್ಲಿ ಪೊಲೀಸ್ ಶುರುವಾಯಿತು" ಎಂಬ ವಾಕ್ಯ ಸರಿಯೇ? ಠಾಣೆ ಶುರುವಾದ ತಾರೀಖಿಗೆ ಯಾವ ಕಾಗದವನ್ನು ಪ್ರಮಾಣ ಎಂದು ಹಿಡಿಯಬೇಕು? ದಾರೂಬಂದಿ (ಪಾನನಿಷೇಧ) ಕಾಲದ ಕೇಸುಗಳನ್ನು ಹೇಗೆ ಬರೆಯಬೇಕು? ತಿಳಿದವರು ದಯವಿಟ್ಟು ವಿವರವಾಗಿಯೇ ಹೇಳಿ.

ಉತ್ತರ: ಹಳೇ_ದಫ್ತರ
ಆ ವಾಕ್ಯ ತೆಗೆಯಿರಿ. 1862ರಲ್ಲಿ ಬದಲಾದದ್ದು ಪ್ರಾಂತ. ಪೊಲೀಸ್ ಅದಕ್ಕಿಂತ ಹಿಂದಿನದು.

1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ (ಇಂದಿನ ಉತ್ತರ ಕನ್ನಡ, ದಕ್ಷಿಣ ಕನ್ನಡ ಸೇರಿದ್ದ ಜಿಲ್ಲೆ) ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಥಾಮಸ್ ಮನ್ರೋ ಮೊದಲ ಕಲೆಕ್ಟರ್, ಆಡಳಿತ ಮದ್ರಾಸಿನದು. 1816ರ 11ನೇ ರೆಗ್ಯುಲೇಶನ್ ಪ್ರಕಾರ ಊರಲ್ಲಿ ಪಟೇಲ, ಅವನ ಮೇಲೆ ತಹಶೀಲ್ದಾರ. ತೆರಿಗೆ ವಸೂಲಿ ಮಾಡುವವನೇ ಕಳ್ಳನನ್ನೂ ಹಿಡಿಯುವವ. ಇದರಿಂದ ಏನಾಯಿತು ಎಂಬುದು ಮದ್ರಾಸಿನ 1855ರ ಚಿತ್ರಹಿಂಸೆ ಆಯೋಗದ ವರದಿಯಲ್ಲಿದೆ: ಕಂದಾಯ ಬಾಕಿಗೂ ತಪ್ಪೊಪ್ಪಿಗೆಗೂ ಹಿಂಸೆ ಒಂದೇ ಕೈಯಿಂದ ನಡೆಯುತ್ತಿತ್ತು. ಆಮೇಲೆ ಬಂದ 1859ರ 24ನೇ ಕಾಯ್ದೆ ಪೊಲೀಸನ್ನು ಕಂದಾಯದಿಂದ ಬೇರೆ ಮಾಡಿತು. ಆಗ ನಮ್ಮ ಜಿಲ್ಲೆ ಇನ್ನೂ ಮದ್ರಾಸಿನಲ್ಲೇ ಇತ್ತು. ನಿಮ್ಮ ಪುಸ್ತಿಕೆಯ ಮೊದಲ ಅಧ್ಯಾಯ ಇಲ್ಲಿಂದ ಶುರುವಾಗಬೇಕು.

1862ರ ವರ್ಗಾವಣೆಯ ಹಿಂದೆ ಇದ್ದದ್ದು ಹತ್ತಿ. ಅಮೆರಿಕದಲ್ಲಿ ಅಂತರ್ಯುದ್ಧ ನಡೆದಿತ್ತು, ಧಾರವಾಡದ ಹತ್ತಿ ಹೊರಡಲು ಬಂದರು ಬೇಕಿತ್ತು, ಮುಂಬಯಿಯ ವ್ಯಾಪಾರಿಗಳ ಕಣ್ಣು ಕಾರವಾರದ ಮೇಲಿತ್ತು. ಅಲ್ಲಿಂದ ಮುಂದೆ ಮುಂಬಯಿಯ ಕಾಯ್ದೆಗಳು. 1867ರಲ್ಲಿ ಎರಡು ಕಾಯ್ದೆ ಬಂದವು: 7ನೆಯದು ಜಿಲ್ಲಾ ಪೊಲೀಸರದ್ದು, 8ನೆಯದು ಗ್ರಾಮ ಪೊಲೀಸರದ್ದು, ಅಂದರೆ ಪೊಲೀಸ್ ಪಾಟೀಲರದ್ದು. ಬಹಳ ಬರಹಗಳಲ್ಲಿ ಎರಡೂ ಕಲಸಿಹೋಗಿವೆ. ಪಾಟೀಲ ಠಾಣೆಯ ನೌಕರನಲ್ಲ ಎಂಬುದನ್ನು ಬಿಡಿಸಿ ಬರೆಯಿರಿ. ನಂತರ ಜಿಲ್ಲಾ ಪೊಲೀಸರ 1890ರ 4ನೇ ಕಾಯ್ದೆ, ಆಮೇಲೆ ಮುಂಬಯಿ ಪೊಲೀಸ್ ಕಾಯ್ದೆ, ಅಂದರೆ 1951ರ 22ನೇ ಕಾಯ್ದೆ.

1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಕಾಯ್ದೆ ಅದೇ ದಿನ ಬದಲಾಗಲಿಲ್ಲ. ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 119ನೇ ಕಲಮಿನಿಂದ ಹಳೆಯ ಕಾನೂನು ಮುಂದುವರಿಯಿತು. ಮೈಸೂರು ಪೊಲೀಸ್ ಕಾಯ್ದೆ 1963ರದ್ದು, ಜಾರಿಗೆ ಬಂದದ್ದು 1965ರಲ್ಲಿ. ಹಾಗಾಗಿ 1958ರ ಕೇಸಿನ ಕಾಗದದಲ್ಲಿ ಮುಂಬಯಿ ಪೊಲೀಸ್ ಕಾಯ್ದೆಯ ಕಲಮು ಕಂಡರೆ ಬರೆದವರ ತಪ್ಪು ಎಂದು ತಿದ್ದಬೇಡಿ. ಜಿಲ್ಲೆಗೆ 'ಉತ್ತರ ಕನ್ನಡ' ಎಂಬ ಹೆಸರು 1977ರದ್ದು. ಹಿಂದಿನ ಕಾಗದ ಉಲ್ಲೇಖಿಸುವಾಗ ಅದರಲ್ಲಿರುವ ಹೆಸರನ್ನೇ ಇಡಿ. ಮಾಮಲೇದಾರ (ತಹಶೀಲ್ದಾರ), ಫೌಜದಾರ (ಪೊಲೀಸ್ ಅಧಿಕಾರಿ) ಎಂಬ ಹುದ್ದೆಯ ಹೆಸರುಗಳಿಗೂ ಇದೇ ಮಾತು.

ಉತ್ತರ: ರೆಕಾರ್ಡ್_ರೂಮ್
ಠಾಣೆ ತಾರೀಖಿನ ವಿಷಯ. ಕಟ್ಟಡದ ಮೇಲಿನ ಕಲ್ಲು ನಂಬಬೇಡಿ, ಅದು ಆ ಕಟ್ಟಡದ ಉದ್ಘಾಟನೆಯ ತಾರೀಖು ಮಾತ್ರ. 1973ರ ದಂಡ ಪ್ರಕ್ರಿಯಾ ಸಂಹಿತೆಯ 2(ಎಸ್) ಪ್ರಕಾರ (2024ರ ಜುಲೈ 1ರಿಂದ ಆ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇದೆ) ಸರ್ಕಾರ ಠಾಣೆ ಎಂದು ಘೋಷಿಸಿದ ಜಾಗವೇ ಠಾಣೆ. ಅಂದರೆ ನಿಮಗೆ ಬೇಕಾದದ್ದು ರಾಜ್ಯಪತ್ರದ ಅಧಿಸೂಚನೆ. ಅದಕ್ಕೆ ಅಂಟಿದ ಗ್ರಾಮಗಳ ಪಟ್ಟಿಯೇ ಸರಹದ್ದಿನ ನಿಜವಾದ ದಾಖಲೆ. ಔಟ್‌ಪೋಸ್ಟ್ ಮೊದಲು, ಠಾಣೆ ಆಮೇಲೆ ಆಗಿದ್ದರೆ ಎರಡು ತಾರೀಖು ಇರುತ್ತವೆ, ಎರಡನ್ನೂ ಕೊಡಿ.

ಹಳೆಯ ಕಾಗದ ಮೂರು ಊರುಗಳಲ್ಲಿ ಹಂಚಿಹೋಗಿದೆ. 1862ಕ್ಕಿಂತ ಹಿಂದಿನದು ಚೆನ್ನೈ ಎಗ್ಮೋರಿನ ಪತ್ರಾಗಾರದಲ್ಲಿ. 1862ರಿಂದ 1956ರವರೆಗಿನದು ಮುಂಬಯಿಯಲ್ಲಿ, ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರದಲ್ಲಿ. ನಂತರದ್ದು ಬೆಂಗಳೂರಿನಲ್ಲಿ. ಮುಂಬಯಿಯಲ್ಲಿ 'ಪೊಲೀಸ್' ಎಂದು ಕೇಳಿ ಸುಮ್ಮನಾಗಬೇಡಿ, ಹತ್ತೊಂಬತ್ತನೇ ಶತಮಾನದ ಪೊಲೀಸ್ ವ್ಯವಹಾರಕ್ಕೆ ನ್ಯಾಯ ಇಲಾಖೆಯ ಸಂಪುಟಗಳನ್ನೂ ತರಿಸಿ. ಸೂಚಿಯಲ್ಲಿ ಕಾರವಾರಕ್ಕೆ 'ಕಾರ್ವಾರ್' ಎಂದೂ, ಸದಾಶಿವಗಡಕ್ಕೆ 'ಸೆದಾಶೆಗುರ್' ಎಂಬಂಥ ಕಾಗುಣಿತಗಳೂ ಇರುತ್ತವೆ. ಇಂಗ್ಲಿಷಿನಲ್ಲಿ ಕೆನರಾವನ್ನು ಸಿ ಅಕ್ಷರದಲ್ಲೂ ಕೆ ಅಕ್ಷರದಲ್ಲೂ ಹುಡುಕಬೇಕು. 1883ರ ಮುಂಬಯಿ ಗೆಜೆಟಿಯರಿನ 15ನೇ ಸಂಪುಟ ಎರಡು ಭಾಗಗಳಲ್ಲಿದೆ, ಮೊದಲು ಅದನ್ನು ಓದಿಕೊಂಡರೆ ಯಾವ ವರ್ಷದ ಸಂಪುಟ ಕೇಳಬೇಕೆಂದು ತಿಳಿಯುತ್ತದೆ.

ಜಿಲ್ಲಾ ಪೊಲೀಸ್ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹೆಚ್ಚಿನ ಅರ್ಜಿ ಬಿದ್ದುಹೋಗುವುದು ಇಲ್ಲೇ. "ಠಾಣೆಯ ಇತಿಹಾಸ ತಿಳಿಸಿ" ಎಂದರೆ ಉತ್ತರ ಬರುವುದಿಲ್ಲ, ಏಕೆಂದರೆ ಅದು ದಾಖಲೆಯಲ್ಲ. "ಇಂಥ ಠಾಣೆಯನ್ನು ಘೋಷಿಸಿದ ಅಧಿಸೂಚನೆಯ ನಕಲು ಮತ್ತು ಗ್ರಾಮಗಳ ಪಟ್ಟಿ" ಎಂದು ಕೇಳಿ. ತನಿಖೆಗೆ ಅಡ್ಡಿ ಎಂಬ ಕಾರಣ ಕೊಟ್ಟರೆ ಮಾಹಿತಿ ಹಕ್ಕು ಕಾಯ್ದೆಯ 8(3) ತೋರಿಸಿ: 20 ವರ್ಷ ದಾಟಿದ ಘಟನೆಗೆ ಆ ವಿನಾಯಿತಿ ನಿಲ್ಲುವುದಿಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಉತ್ತರ: ಗಂಗಾವಳಿ_ದಂಡೆ
ಮೂರನೇ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಇಲ್ಲಿ ಎಡವಿದರೆ ಒಂದು ಓಣಿಯ ಹೆಸರೇ ಕೆಡುತ್ತದೆ.

1949ರ ಕಾಯ್ದೆಯಿಂದ ಮುಂಬಯಿ ರಾಜ್ಯದಲ್ಲಿ ದಾರೂಬಂದಿ ಬಂತು, ನಮ್ಮ ಜಿಲ್ಲೆ ಆ ರಾಜ್ಯದ ತೆಂಕಣ ತುದಿ. ಕಾರವಾರದ ಗಡಿಯೂರು ಮಾಜಾಳಿ ದಾಟಿದರೆ ಪೋರ್ಚುಗೀಸ್ ಗೋವಾ, ಅಲ್ಲಿ ಫೆಣಿಗೆ (ಗೋವಾದ ಸಾರಾಯಿಗೆ) ತಡೆಯಿಲ್ಲ. 1961ರ ಡಿಸೆಂಬರ್ 19ರವರೆಗೆ ಅದು ಬೇರೆ ದೇಶದ ಗಡಿ. ಹೀಗಾಗಿ ಅದೇ ಬಾಟ್ಲಿ ಗಡಿಯಾಚೆ ಸರಕು, ಈಚೆ ಅಪರಾಧ. ಅದೇ ದೋಣಿ, ಅದೇ ನೆಂಟಸ್ತಿಕೆ, ಅದೇ ಕೊಂಕಣಿ ಮಾತು. ಆದ್ದರಿಂದ ಆ ವರ್ಷಗಳ ಕೇಸುಗಳನ್ನು ಎಣಿಸುವಾಗ ದಾರೂಬಂದಿ ಮತ್ತು ಸುಂಕದ ಕೇಸುಗಳನ್ನು ಒಂದು ಕಡೆ, ಕಳವು ಹೊಡೆದಾಟಗಳನ್ನು ಇನ್ನೊಂದು ಕಡೆ ಇಡಿ. ಎರಡನ್ನೂ ಕೂಡಿಸಿದ ಅಂಕಿ ಹಿಡಿದು ಖಾರ್ವಿ, ಹರಿಕಂತ್ರ ಎಂಬ ಮೀನುಗಾರ ಜಾತಿಗಳ ಕೇರಿಗಳ ಬಗ್ಗೆ ಯಾವ ತೀರ್ಮಾನವನ್ನೂ ಬರೆಯಬೇಡಿ. ಸುಂಕದವರು ಹಿಡಿದದ್ದು ಠಾಣೆಯ ಪುಸ್ತಕದಲ್ಲಿ ಇರಬೇಕೆಂದೂ ಇಲ್ಲ.

ಉಪ್ಪಿನ ಕಾಯ್ದೆಯೂ ಹಾಗೆಯೇ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಉಪ್ಪು ತೆಗೆದವರು ಕಾಗದದಲ್ಲಿ ಆರೋಪಿಗಳು. 1932ರ ಕರನಿರಾಕರಣೆಯಲ್ಲಿ ಅಂಕೋಲೆ, ಸಿದ್ದಾಪುರದ ರೈತರ ಜಮೀನು ಜಪ್ತಿಯಾದ ವಿವರ ಕಂದಾಯ ಇಲಾಖೆಯ ಕಡತಗಳಲ್ಲಿ ಹುಡುಕಬೇಕು, ಪೊಲೀಸ್ ಕಡತ ಮಾತ್ರ ನೋಡಿದರೆ ಅರ್ಧ ಕಥೆ.

ವಸಾಹತು ಕಾಲದ ಬರಹದಲ್ಲಿ ಯಾವುದಾದರೂ ಜಾತಿಯನ್ನು 'ಅಪರಾಧಿ' ಎಂದು ಕರೆದಿದ್ದರೆ ಅದನ್ನು ಹಾಗೇ ಎತ್ತಿ ಹಾಕಬೇಡಿ. ಆ ಹಣೆಪಟ್ಟಿ ಕೊಟ್ಟ ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಗಿದೆ. ಇನ್ನೊಂದು: ಎಷ್ಟೋ ತಂಟೆಗಳು ಠಾಣೆಯ ಮೆಟ್ಟಿಲು ಹತ್ತಲೇ ಇಲ್ಲ. ಹಾಲಕ್ಕಿ ಒಕ್ಕಲಿಗರಲ್ಲಿ ಗೌಡ, ಬುದವಂತ, ಕೋಲಕಾರ ಎಂಬ ಊರ ಮುಖಂಡರ ಕಟ್ಟುಪಾಡು ಇದೆ, ನ್ಯಾಯ ಅಲ್ಲೇ ಬಗೆಹರಿಯುತ್ತಿತ್ತು. ಠಾಣೆಯ ಪುಸ್ತಕದಲ್ಲಿ ಕೇಸಿಲ್ಲದ ಊರು ಜಗಳವಿಲ್ಲದ ಊರು ಎಂದಲ್ಲ.

ಕೋಡಿಬಾಗ_ಓಣಿ
ಬಹಳ ಉಪಕಾರವಾಯಿತು. ಇನ್ನೊಂದೇ ಪ್ರಶ್ನೆ: ನದಿಯಲ್ಲಿ, ಸಮುದ್ರದಲ್ಲಿ ತೀರಿಕೊಂಡವರ ದಾಖಲೆ ಅಪರಾಧ ಪುಸ್ತಕದಲ್ಲಿ ಸಿಗುತ್ತಿಲ್ಲ.

ಉತ್ತರ: ರೆಕಾರ್ಡ್_ರೂಮ್
ಅಲ್ಲಿ ಸಿಗುವುದಿಲ್ಲ. ಅವು ಯುಡಿಆರ್, ಅಂದರೆ ಅಸಹಜ ಸಾವಿನ ಪ್ರಕರಣಗಳು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 194. ಅವಕ್ಕೆ ಬೇರೆಯದೇ ಸರಣಿ, ಪ್ರತಿ ಜನವರಿಗೆ ಮತ್ತೆ 1ರಿಂದ ಶುರು. ಹಾಗಾಗಿ ಬರೀ ಸಂಖ್ಯೆ ಬರೆದಿಟ್ಟುಕೊಂಡರೆ ಪ್ರಯೋಜನವಿಲ್ಲ, ಠಾಣೆ, ಸಂಖ್ಯೆ, ವರ್ಷ ಮೂರೂ ಬೇಕು. ಕೋರ್ಟಿಗೆ ಹೋದ ಅಪರಾಧ ಕೇಸಿಗೆ ಅಲ್ಲಿ ಇನ್ನೊಂದು ಸಂಖ್ಯೆ ಬೀಳುತ್ತದೆ, ಅದನ್ನೂ ಪಕ್ಕದಲ್ಲಿ ಬರೆಯಿರಿ. ಕಾಳಿಯ ಉತ್ತರ ದಂಡೆ ಸದಾಶಿವಗಡದ ಹತ್ತಿರ ಈಗ ಚಿತ್ತಾಕುಲ ಠಾಣೆಯದು, ಕೋಡಿಬಾಗದ ಕಡೆಯ ದಕ್ಷಿಣ ದಂಡೆ ಕಾರವಾರ ನಗರ ಠಾಣೆಯದು. ದೇಹ ಯಾವ ದಂಡೆಯಲ್ಲಿ ಸಿಕ್ಕಿತೋ ಅಲ್ಲಿನ ಪುಸ್ತಕ ಮೊದಲು ನೋಡಿ, ಆಮೇಲೆ ಇನ್ನೊಂದು. ಇತ್ತೀಚಿನ ವರ್ಷಗಳಿಗೆ ಕರಾವಳಿ ಕಾವಲು ಪೊಲೀಸ್ ಠಾಣೆಯೂ ಇದೆ, ಅದು ಮಲ್ಪೆಯ ಕೇಂದ್ರ ಕಚೇರಿಗೆ ಸೇರಿದ್ದು. ಅರ್ಜಿ ತಪ್ಪು ಕಚೇರಿಗೆ ಹೋದರೂ ಮಾಹಿತಿ ಹಕ್ಕು ಕಾಯ್ದೆಯ 6(3)ರ ಪ್ರಕಾರ 5 ದಿನದೊಳಗೆ ಸರಿಯಾದ ಕಡೆ ಕಳಿಸಬೇಕು.

ಉತ್ತರ: ಹಳೇ_ದಫ್ತರ
ನಕ್ಷೆ ಹಾಕುವಾಗ ಒಂದು ಎಚ್ಚರ. ಕಾರವಾರದ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ 2005ರ ಮೇ 31ರಂದು ಕಾರ್ಯಾರಂಭ ಮಾಡಿತು. ನಡುವೆ ಅರ್ಗಾ ಸುತ್ತಲಿನ ಹಳ್ಳಿಗಳ ಜನ ಎದ್ದು ಪುನರ್ವಸತಿ ಕಾಲನಿಗಳಿಗೆ ಹೋದರು. ಊರಿನ ಹೆಸರು ಹಳೆಯ ಪಟ್ಟಿಯಲ್ಲಿದೆ, ಜನ ಬೇರೆ ಕಡೆ ಇದ್ದಾರೆ. ಅದಕ್ಕಾಗಿ ಕಡೇ ಪಕ್ಷ ಎರಡು ನಕ್ಷೆ ಬೇಕು, 1986ರ ಹಿಂದಿನದೊಂದು, 2005ರ ನಂತರದ್ದೊಂದು. ಮನೆತನಗಳನ್ನು ಹಳೆಯ ಊರಿನ ಹೆಸರಿನಲ್ಲೇ ಗುರುತಿಸಿ, ಕಾಲನಿಗಳಲ್ಲಿ ಈಗಲೂ ಜನ ತಮ್ಮನ್ನು ಕರೆದುಕೊಳ್ಳುವುದು ಹಾಗೆಯೇ.