ಬಲೆನೊಗೆ ಯಾವ ಸಸ್ಪೆನ್ಷನ್ ಹಾಕಿಸಿದರೆ ಹಿಂದೆ ಕೂತವರಿಗೆ ಆರಾಮ?

ವಿಜಯನಗರ_ವಾಸಿ

ಎಲ್ಲರಿಗೂ ನಮಸ್ಕಾರ. ನನ್ನದು 2018ರ ಬಲೆನೊ, ಪೆಟ್ರೋಲ್, ಟಾಪ್ ವೇರಿಯಂಟ್, 16 ಇಂಚಿನ ಅಲಾಯ್. 80 ಸಾವಿರ ಕಿಲೋಮೀಟರ್ ದಾಟಿದೆ, ಅದರಲ್ಲಿ ಮುಕ್ಕಾಲು ಭಾಗ ಬೆಂಗಳೂರಿನೊಳಗೇ ಓಡಿದ್ದು. ಹಾಗಾಗಿ ಗಾಡಿಯನ್ನು ದೂರುವುದಕ್ಕೆ ಆಗಲ್ಲ. ಈ ಗುಂಡಿಗಳಲ್ಲಿ ಸಸ್ಪೆನ್ಷನ್ ಇಷ್ಟು ವರ್ಷ ತಡೆದುಕೊಂಡಿದೆ.

ವಿಷಯ ಏನೆಂದರೆ, ಅಮ್ಮನಿಗೆ ಸೊಂಟದ ಡಿಸ್ಕ್ ತೊಂದರೆ ಶುರುವಾಗಿದೆ. ಜಯನಗರದಲ್ಲಿ ಫಿಸಿಯೋಥೆರಪಿ ನಡೆಯುತ್ತಿದೆ, ನಾನೇ ಕರೆದುಕೊಂಡು ಹೋಗುತ್ತೇನೆ. ಹಿಂದಿನ ಸೀಟಿನಲ್ಲಿ ಕೂತವರಿಗೆ ಪ್ರತಿ ಹಂಪ್‌ನಲ್ಲೂ ಬೆನ್ನಿಗೆ ಹೊಡೆತ ಬೀಳುತ್ತದೆ. ಪೈಪ್ ಹಾಕೋಕೆ ರಸ್ತೆಗೆ ಅಡ್ಡಲಾಗಿ ಅಗೆದು ಮುಚ್ಚಿರುತ್ತಾರಲ್ಲ, ಆ ಪಟ್ಟಿ ಬಂದರಂತೂ ಅಮ್ಮ ಮುಂದಿನ ಸೀಟನ್ನು ಎರಡು ಕೈಯಲ್ಲಿ ಹಿಡಿದು ಉಸಿರು ಬಿಗಿಹಿಡಿಯುತ್ತಾರೆ. ಕನ್ನಡಿಯಲ್ಲಿ ಅದನ್ನು ನೋಡುತ್ತಾ ಓಡಿಸೋದು ತುಂಬಾ ಕಷ್ಟ.

ಮೂರು ಕಡೆ ಕೇಳಿದೆ, ಮೂರು ಥರ ಹೇಳಿದರು. ನಮ್ಮ ಗ್ಯಾರೇಜಿನವರು ನಾಲ್ಕೂ ಶಾಕ್ (ಸ್ಪ್ರಿಂಗ್ ಕುಣಿಯದಂತೆ ತಡೆಯುವ ಶಾಕ್ ಅಬ್ಸಾರ್ಬರ್) ಬದಲಾಯಿಸಿ, ಕಂಪನಿಯದ್ದೇ ಹಾಕಿಸಿ ಅಂತಾರೆ. ಆಕ್ಸೆಸರಿ ಅಂಗಡಿಯವರು ಸ್ಪ್ರಿಂಗ್ ಬಫರ್ ಹಾಕಿದರೆ ಸಾಕು ಅಂತಾರೆ. ಆಫೀಸಿನ ಗೆಳೆಯ ಬಿಲ್‌ಸ್ಟೈನ್ ಕಂಪನಿಯ ದುಬಾರಿ ಶಾಕ್ ಹಾಕ್ಸು, ಇಲ್ಲ ಕಾಯಿಲೋವರ್ (ಅಡ್ಜಸ್ಟ್ ಮಾಡಬಹುದಾದ ಸ್ಪ್ರಿಂಗ್-ಶಾಕ್ ಸೆಟ್) ಹಾಕ್ಸಿ ನಿನಗೆ ಬೇಕಾದಷ್ಟು ಮೆತ್ತಗೆ ಮಾಡ್ಕೋ ಅಂತಾನೆ. ಹ್ಯಾಂಡ್ಲಿಂಗ್ ನನಗೆ ಮುಖ್ಯ ಅಲ್ಲ. ಹಿಂದೆ ಕೂತವರಿಗೆ ಹೊಡೆತ ಕಡಿಮೆಯಾಗಬೇಕು, ಆದರೆ ತಿಪಟೂರಿಗೆ ಹೋಗುವಾಗ ತುಮಕೂರು ಹೈವೇಯಲ್ಲಿ 90ರ ವೇಗದಲ್ಲಿ ಗಾಡಿ ತೇಲಬಾರದು. ಎರಡೂ ಸಿಗುತ್ತಾ?

ಹೊಸಕೆರೆಹಳ್ಳಿ_ಹುಡುಗ

ಬಫರ್ ಮಾತ್ರ ಬೇಡ ಗುರು. ಸ್ಪ್ರಿಂಗ್ ಸುತ್ತುಗಳ ಮಧ್ಯೆ ರಬ್ಬರ್ ತುರುಕಿದರೆ ಆ ಜಾಗದ ಸುತ್ತು ಕೆಲಸ ಮಾಡುವುದನ್ನೇ ನಿಲ್ಲಿಸುತ್ತದೆ. ಕೆಲಸ ಮಾಡುವ ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ. ಗಾಡಿ ಸ್ವಲ್ಪ ಎತ್ತರ ಆಗುತ್ತದೆ, ಐದು ಜನ ಲಗೇಜ್ ಸಮೇತ ಕೂತರೂ ಹಂಪ್‌ಗೆ ತಳ ತಾಗಲ್ಲ, ಅದು ನಿಜ. ಆದರೆ ಅಮ್ಮನ ಬೆನ್ನಿಗೆ ಬೇಕಿರೋದು ಅದರ ಉಲ್ಟಾ.

ಡ್ಯಾಂಪರ್_ಪ್ರೇಮಿ

ಸರ್, ಬ್ರ್ಯಾಂಡ್ ಯಾವುದು ಅನ್ನೋದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕೂ ಮೊದಲು ಖರ್ಚಿಲ್ಲದ ಒಂದು ಕೆಲಸ ಮಾಡಿ. ನಾಳೆಯಿಂದಲೇ ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಸೀಟು ಸ್ವಲ್ಪ ಹಿಂದೆ ಒರಗಿಸಿ. ಸಣ್ಣ ಕಾರಿನಲ್ಲಿ ಹಿಂದಿನ ಸೀಟು ಹೆಚ್ಚುಕಡಿಮೆ ಹಿಂದಿನ ಚಕ್ರದ ಮೇಲೇ ಇರುತ್ತದೆ. ಮುಂದಿನ ಸೀಟು ಎರಡೂ ಆಕ್ಸಲ್‌ಗಳ ಮಧ್ಯೆ ಇರುತ್ತದೆ, ಅಲ್ಲಿ ಮೇಲೆ ಕೆಳಗೆ ಆಗೋದು ಕಡಿಮೆ. ಜೊತೆಗೆ ಹಿಂದಿನ ಸ್ಪ್ರಿಂಗನ್ನು ಮೂರು ಜನ, ಡಿಕ್ಕಿ ತುಂಬಾ ಸಾಮಾನು ಲೆಕ್ಕ ಹಾಕಿ ಮಾಡಿರುತ್ತಾರೆ. ಒಬ್ಬರೇ ಕೂತರೆ ಅದು ಬಗ್ಗುವುದೇ ಇಲ್ಲ, ಎತ್ತಿ ಹಾಕುತ್ತದೆ. ಇದನ್ನು ಯಾವ ಶಾಕ್ ಕೂಡ ಪೂರ್ತಿ ಸರಿ ಮಾಡಲ್ಲ.

ಆಮೇಲೆ ಟೈರ್. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಪ್ರೆಶರ್ ನೋಡಿ, ಡ್ರೈವರ್ ಬಾಗಿಲಿನ ಹತ್ತಿರದ ಸ್ಟಿಕ್ಕರ್‌ನಲ್ಲಿ ಇರುವಷ್ಟೇ ಇಡಿ. ಬಂಕ್‌ನಲ್ಲಿ ಕೇಳದೆಯೇ 35, 36 ಹೊಡೆದು ಕಳಿಸುತ್ತಾರೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ, 2318 ಅಂತಿದ್ದರೆ 2018ರ 23ನೇ ವಾರದಲ್ಲಿ ತಯಾರಾಗಿದ್ದು ಅಂತ. ಗಾಡಿ ಜೊತೆ ಬಂದ ಟೈರೇ ಇನ್ನೂ ಇದ್ದರೆ ರಬ್ಬರ್ ಕಲ್ಲಾಗಿರುತ್ತದೆ, ಬೇರೆ ಏನು ಮಾಡಿದರೂ ಪ್ರಯೋಜನ ಇಲ್ಲ.

ನಿಮ್ಮ ಟೈರ್ 195/55 ಆರ್16, ಅಂದರೆ ಅಗಲ 195 ಮಿಮೀ, ಗೋಡೆಯ ಎತ್ತರ ಅದರ ಶೇಕಡಾ 55, ರಿಮ್ 16 ಇಂಚು. ಇದೇ ಗಾಡಿಯ ಕೆಳಗಿನ ವೇರಿಯಂಟ್‌ಗೆ ಕಂಪನಿಯೇ 185/65 ಆರ್15 ಕೊಡುತ್ತದೆ. ಲೆಕ್ಕ ಹಾಕಿ ನೋಡಿ: ಪೂರ್ತಿ ಚಕ್ರದ ವ್ಯಾಸ ಎರಡರದ್ದೂ ಸುಮಾರು 621 ಮಿಲಿಮೀಟರ್, ಒಂದೇ. ಆದರೆ ಟೈರ್‌ನ ಗೋಡೆಯ ಎತ್ತರ 16 ಇಂಚಿನದರಲ್ಲಿ 107 ಮಿಮೀ, 15 ಇಂಚಿನದರಲ್ಲಿ 120 ಮಿಮೀ. ಗುಂಡಿಯ ಅಂಚು ಹೊಡೆದಾಗ ಮೊದಲು ಬಗ್ಗುವುದು ಈ ಗೋಡೆಯೇ. ಸ್ಪೀಡೋಮೀಟರ್ ಬದಲಾಗಲ್ಲ, ಗಾಡಿ ಎತ್ತರ ಬದಲಾಗಲ್ಲ, 13 ಮಿಲಿಮೀಟರ್ ಜಾಸ್ತಿ ಗಾಳಿ ಸಿಗುತ್ತದೆ. ಹೇಗಿದ್ದರೂ ಟೈರ್ ಬದಲಾಯಿಸುವ ಸಮಯ ಬಂದಿದ್ದರೆ ನನ್ನ ಮೊದಲ ಓಟು ಇದಕ್ಕೆ. ನಿಮ್ಮ ಗೆಳೆಯ ಹೇಳಿದ ಯಾವ ಪಾರ್ಟ್‌ಗಿಂತಲೂ ಸಿಟಿಯಲ್ಲಿ ಇದೇ ಜಾಸ್ತಿ ಗೊತ್ತಾಗುತ್ತದೆ.

ಈಗ ಸಸ್ಪೆನ್ಷನ್. ಹೊಸದು ಹಾಕಿಸುವ ಮೊದಲು ಹಳೆಯದರಲ್ಲಿ ಏನು ಹೋಗಿದೆ ಅಂತ ಕಂಡುಹಿಡಿಯಿರಿ. ಸಣ್ಣ ಸಣ್ಣ ಗುಂಡಿಯಲ್ಲಿ ನಿಧಾನಕ್ಕೆ ಹೋಗುವಾಗ ಮುಂದೆ ಕಟಕಟ ಅಂದರೆ ಸಾಮಾನ್ಯವಾಗಿ ಲಿಂಕ್ ರಾಡ್ (ಗಾಡಿ ವಾಲುವುದನ್ನು ತಡೆಯುವ ಕಂಬಿಯನ್ನು ಜೋಡಿಸುವ ಸಣ್ಣ ರಾಡ್). ಹಂಪ್ ಇಳಿದಾಗ ಧಡ್ ಅಂದರೆ ಸ್ಟ್ರಟ್ ಮೌಂಟ್ (ಮುಂದಿನ ಶಾಕ್ ಬಾಡಿಗೆ ಕೂರುವ ರಬ್ಬರ್ ಹಿಡಿಕೆ) ಅಥವಾ ಬಂಪ್ ಸ್ಟಾಪರ್ (ಶಾಕ್ ತಳ ಸೇರದಂತೆ ತಡೆಯುವ ಮೆತ್ತನೆಯ ತುಂಡು) ನೋಡಿಸಿ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಟಣ್ ಅಂತ ಬಿಡಿಸಿಕೊಂಡ ಸದ್ದು ಬಂದರೆ ಮೌಂಟ್ ಬೇರಿಂಗ್. ಶಾಕ್ ಹೋಗಿದೆಯಾ ಅಂತ ತಿಳಿಯೋಕೆ ಬಾನೆಟ್ ಒತ್ತಿ ನೋಡುವುದನ್ನೇ ನಂಬಬೇಡಿ. ಟೈರ್ ಮೇಲೆ ಅಂಗೈ ಇಟ್ಟು ಸುತ್ತಲೂ ಸವರಿ. ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು ಅಂತ ಅಲೆ ಅಲೆಯಾಗಿ ಸವೆದಿದ್ದರೆ ಚಕ್ರ ರಸ್ತೆ ಮೇಲೆ ಕುಪ್ಪಳಿಸುತ್ತಾ ಓಡಿದೆ, ಅಂದರೆ ಶಾಕ್ ಮುಗಿದಿದೆ ಅಂತ ಬಲವಾದ ಅನುಮಾನ ಪಡಬಹುದು. ಶಾಕ್ ಮೈಮೇಲೆ ತೆಳ್ಳಗೆ ಎಣ್ಣೆ ಪಸೆ ಇದ್ದರೆ ಗಾಬರಿ ಬೇಡ. ಒದ್ದೆಯಾಗಿ ಧೂಳು ಕೆಸರಿನ ಹಾಗೆ ಅಂಟಿಕೊಂಡಿದ್ದರೆ ಬದಲಾಯಿಸಲೇಬೇಕು.

ಕಾಯಿಲೋವರ್ ಯಾಕೆ ಬೇಡ ಅಂತೀನಿ ಅಂದರೆ, ಆರಾಮಾಗಿರುವ ಕಾರಿನಲ್ಲಿ ಬಾಡಿ ಸ್ಪ್ರಿಂಗ್ ಮೇಲೆ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ಮೇಲೆ ಕೆಳಗೆ ಆಡುತ್ತದೆ. ನಡೆಯುವಾಗ ನಮ್ಮ ದೇಹ ಆಡುವುದೂ ಅದರ ಹತ್ತಿರವೇ ಇರುವುದರಿಂದ ಬೇಸರ ಅನ್ನಿಸಲ್ಲ. ಕೂತ ಮನುಷ್ಯನಿಗೆ, ಅದರಲ್ಲೂ ಬೆನ್ನುಮೂಳೆಗೆ, ತಡೆಯಲು ಕಷ್ಟವಾಗುವುದು ಸೆಕೆಂಡಿಗೆ 4ರಿಂದ 8 ಸಲದ ಅಲುಗಾಟ. ಕಾಯಿಲೋವರ್‌ಗಳು ಬಹುಪಾಲು ಗಟ್ಟಿ ಸ್ಪ್ರಿಂಗ್ ಜೊತೆ ಬರುತ್ತವೆ, ಗಾಡಿಯನ್ನು ಇಳಿಸುತ್ತವೆ, ಸಸ್ಪೆನ್ಷನ್ ಆಡುವ ಜಾಗವನ್ನೂ ಕಡಿಮೆ ಮಾಡುತ್ತವೆ. ಕ್ಲಿಕ್ ತಿರುಗಿಸಿ ಮೆತ್ತಗೆ ಮಾಡಿದರೆ ಡ್ಯಾಂಪಿಂಗ್ (ಶಾಕ್ ಕುಣಿತವನ್ನು ತಡೆಯುವ ಬಲ) ಮಾತ್ರ ಕಡಿಮೆಯಾಗುತ್ತದೆ, ಸ್ಪ್ರಿಂಗ್ ಗಟ್ಟಿಯಾಗೇ ಇರುತ್ತದೆ. ಆಗ ಹೊಡೆತವೂ ಉಳಿಯುತ್ತದೆ, ಕುಪ್ಪಳಿಸೋದೂ ಸೇರಿಕೊಳ್ಳುತ್ತದೆ.

ಒಟ್ಟಿನಲ್ಲಿ ಕಂಪನಿ ಸ್ಪ್ರಿಂಗ್ ಹಾಗೇ ಇರಲಿ, ಶಾಕ್ ಮಾತ್ರ ಹೊಸದು. ಟ್ವಿನ್ ಟ್ಯೂಬ್ (ಒಂದರೊಳಗೊಂದು ಎರಡು ಕೊಳವೆ ಇರುವ ಶಾಕ್) ತಗೊಳ್ಳಿ. ಕೆವೈಬಿ ಎಕ್ಸೆಲ್-ಜಿ, ಗೇಬ್ರಿಯಲ್, ಮನ್ರೋ ಇವುಗಳಲ್ಲಿ ನಿಮ್ಮ ಗಾಡಿಯ ಪಾರ್ಟ್ ನಂಬರ್‌ಗೆ ಸಿಗುವುದು, ಇಲ್ಲವೇ ಕಂಪನಿಯದ್ದೇ. ನಿಮ್ಮ ಗ್ಯಾರೇಜಿನವರು ಹೇಳಿದ್ದು ಸರಿಯಾಗಿಯೇ ಇದೆ.

ಮೀರಾ_ಆಕ್ಟೇವಿಯಾ

ಮೇಲಿನವರು ಹೇಳಿದ್ದು ಬಲೆನೊ ಮಟ್ಟಿಗೆ ಒಪ್ಪುತ್ತೇನೆ. ಆದರೆ ದುಬಾರಿ ಶಾಕ್ ಅಂದರೆ ಸುಮ್ನೆ ಗಟ್ಟಿ ಅಂತ ಓದುವವರು ತಿಳಿದುಕೊಳ್ಳಬಾರದು, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಆಕ್ಟೇವಿಯಾಗೆ ಬಿಲ್‌ಸ್ಟೈನ್ ಬಿ6 ಇದೆ, ಸ್ಪ್ರಿಂಗ್ ಕಂಪನಿಯದ್ದೇ. ಅವರಲ್ಲಿ ಬಿ4 ಅಂದರೆ ಮೂಲ ಶಾಕ್‌ಗೆ ಬದಲಿ, ಬಿ6 ಅಂದರೆ ಅದೇ ಎತ್ತರಕ್ಕೆ ಗಟ್ಟಿ ಡ್ಯಾಂಪಿಂಗ್, ಬಿ8 ಅಂದರೆ ಗಾಡಿ ಇಳಿಸಿದವರಿಗೆ. ಹೆಸರು ಒಂದೇ ಅಂತ ಯಾವುದೋ ಒಂದನ್ನು ತಂದರೆ ಕೆಲಸ ಕೆಡುತ್ತದೆ. ಬಿ6 ಮಾನೋಟ್ಯೂಬ್, ಅಂದರೆ ಒಂದೇ ಕೊಳವೆಯದ್ದು. ಒಳಗೆ ಗ್ಯಾಸ್ ಒತ್ತಡ 20ರಿಂದ 30 ಬಾರ್‌ನಷ್ಟು, ಟ್ವಿನ್ ಟ್ಯೂಬ್‌ನಲ್ಲಿ ಅದು ತುಂಬಾ ಕಡಿಮೆ. ಅಷ್ಟು ಒತ್ತಡಕ್ಕೆ ಸೀಲ್ ಬಿಗಿಯಾಗಿರುತ್ತದೆ, ಹಾಗಾಗಿ ಗಾಂಧಿಬಜಾರ್‌ನಲ್ಲಿ 20ರ ವೇಗದಲ್ಲಿ ಹೋಗುವಾಗ ರಸ್ತೆಯ ಸಣ್ಣಪುಟ್ಟ ಏರುಪೇರು ಎಲ್ಲಾ ಸೀಟಿಗೆ ಗೊತ್ತಾಗುತ್ತದೆ. ಅದೇ ಗಾಡಿ ಹಾಸನ ರಸ್ತೆಯಲ್ಲಿ ಉಬ್ಬು ದಾಟಿದ ಮೇಲೆ ಒಂದೇ ಸಲಕ್ಕೆ ಕೂರುತ್ತದೆ, ಎರಡನೇ ಕುಣಿತ ಇಲ್ಲ. ಹಿಂದೆ ಮಲಗಿದ ಮಗು ಏಳಲ್ಲ. ಶಿರಾಡಿ ಇಳಿಯುವಾಗ ಯಾರಿಗೂ ಹೊಟ್ಟೆ ತೊಳಸಲ್ಲ. ಇದೂ ರೈಡ್ ಕ್ವಾಲಿಟಿಯೇ ಅಲ್ವಾ? ನಾವು ತಿಂಗಳಲ್ಲಿ ಅರ್ಧ ಹೈವೇಯಲ್ಲೇ ಇರುತ್ತೇವೆ, ಅದಕ್ಕೆ ನಮಗೆ ಇದು ಸರಿ.

ಎರಡೂ ಬೇಕು ಅನ್ನುವವರಿಗೆ ಕೋನಿ ಕಂಪನಿಯ ಸ್ಪೆಷಲ್ ಆಕ್ಟಿವ್ ಅಂತ ಶಾಕ್ ಇದೆ, ಮೊದಲು ಎಫ್‌ಎಸ್‌ಡಿ ಅಂತಿತ್ತು. ಅದರೊಳಗೆ ಎಣ್ಣೆಗೆ ಇನ್ನೊಂದು ದಾರಿ ಇರುತ್ತದೆ. ಗುಂಡಿಯ ಅಂಚಿನಂಥ ಚುರುಕು ಹೊಡೆತಕ್ಕೆ ಆ ದಾರಿ ತೆರೆದೇ ಇರುತ್ತದೆ, ಮೆತ್ತಗಿರುತ್ತದೆ. ಬಾಡಿ ನಿಧಾನಕ್ಕೆ ವಾಲುವಾಗ, ಏಳುವಾಗ ಒತ್ತಡ ಕಟ್ಟಿಕೊಂಡು ಆ ದಾರಿ ಮುಚ್ಚುತ್ತದೆ, ಗಟ್ಟಿಯಾಗುತ್ತದೆ. ಕರೆಂಟ್ ಇಲ್ಲ, ಸೆನ್ಸರ್ ಇಲ್ಲ, ಬರೀ ವಾಲ್ವ್. ಎಲ್ಲಾ ಗಾಡಿಗೂ ಬರುವುದಿಲ್ಲ. ಕ್ಯಾಟಲಾಗ್‌ನಲ್ಲಿ ನಿಮ್ಮ ಮಾಡೆಲ್ ಹೆಸರು ಇಲ್ಲದಿದ್ದರೆ ಯಾರು "ಕೂರುತ್ತೆ ಮೇಡಂ, ನಾವು ಕೂರಿಸ್ತೀವಿ" ಅಂದರೂ ಬಿಟ್ಟುಬಿಡಿ. ಬೋಲ್ಟ್ ಕೂತರೂ ವಾಲ್ವಿಂಗ್ (ಒಳಗಿನ ಎಣ್ಣೆಯ ಹರಿವಿನ ಹೊಂದಾಣಿಕೆ) ಬೇರೆ ತೂಕದ ಗಾಡಿಗೆ ಮಾಡಿದ್ದಾಗಿರುತ್ತದೆ.

ಮತ್ತೆ, ಎತ್ತರ ಬದಲಾಯಿಸುವ ಯೋಚನೆ ಇರುವವರು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಓದಿ. ಕಂಪನಿ ಕೊಟ್ಟ ಮೂಲ ವಿವರಗಳಿಂದ ಗಾಡಿ ಬೇರೆಯಾಗುವ ಹಾಗೆ ಬದಲಾಯಿಸಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಇನ್ಶೂರೆನ್ಸ್ ಕ್ಲೇಮ್ ಹೊತ್ತಿಗೆ ಇದು ಎದುರಿಗೆ ಬರಬಹುದು. ಅದೇ ಅಳತೆಯ ಶಾಕ್ ಬದಲಾಯಿಸಿದರೆ ಈ ಚಿಂತೆ ಇಲ್ಲ.

ಮಾಗಡಿರೋಡ್_ಗ್ಯಾರೇಜ್

ನಾನು ಅಂಡರ್‌ಬಾಡಿ ಕೆಲಸ ಮಾಡುವವನು. ಪಾರ್ಟ್ ಬಗ್ಗೆ ಎಲ್ಲರೂ ಹೇಳಿದ್ದಾರೆ, ಫಿಟ್ಟಿಂಗ್ ಬಗ್ಗೆ ಹೇಳ್ತೀನಿ. ಒಳ್ಳೇ ಶಾಕ್ ತಂದು ಕೆಟ್ಟದಾಗಿ ಕೂರಿಸಿದರೆ ವರ್ಷದೊಳಗೆ ಎಣ್ಣೆ ಬಿಡುತ್ತದೆ.

ಮುಂದಿನ ಶಾಕ್ ಮೇಲಿನ ನಟ್ ಬಿಗಿಯುವಾಗ ರಾಡ್ ಸುತ್ತುತ್ತದೆ. ಕೆಲವರು ಕಟಿಂಗ್ ಪ್ಲೇಯರ್‌ನಲ್ಲಿ ಆ ಹೊಳೆಯುವ ರಾಡ್ ಹಿಡಿದುಬಿಡುತ್ತಾರೆ. ಒಂದು ಸಣ್ಣ ಗೀರು ಬಿದ್ದರೂ ಅದು ಪ್ರತಿ ಸಲ ಮೇಲೆ ಕೆಳಗೆ ಹೋಗುವಾಗ ಸೀಲನ್ನು ಕೊಯ್ಯುತ್ತಾ ಇರುತ್ತದೆ. ಏರ್ ಗನ್ ಕೂಡ ಅಲ್ಲಿ ಬಳಸಬಾರದು. ರಾಡ್ ತುದಿಯನ್ನು ಹಿಡಿಯುವ ಸರಿಯಾದ ಟೂಲ್ ಹಾಕಿ ಕೈಯಲ್ಲೇ ಬಿಗಿಯಬೇಕು. ನೀವು ಪಕ್ಕದಲ್ಲೇ ನಿಂತು ನೋಡಿ, ಒಳ್ಳೇ ಮೆಕ್ಯಾನಿಕ್ ಬೇಜಾರು ಮಾಡಿಕೊಳ್ಳಲ್ಲ.

ಟ್ವಿನ್ ಟ್ಯೂಬ್ ಶಾಕ್ ಅಂಗಡಿಯಲ್ಲಿ ಅಡ್ಡ ಮಲಗಿಸಿಟ್ಟಿರುತ್ತಾರೆ, ಒಳಗೆ ಗಾಳಿ ಎಣ್ಣೆ ಬೆರೆತಿರುತ್ತದೆ. ಹಾಕುವ ಮೊದಲು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ ಎತ್ತಬೇಕು. ಇಲ್ಲದಿದ್ದರೆ ಹೊಸ ಶಾಕ್ ಕೂಡ ಖಾಲಿ ಖಾಲಿ ಅನ್ನಿಸುತ್ತದೆ, ಗಿರಾಕಿ ವಾಪಸ್ ಬರುತ್ತಾರೆ.

ಲೋವರ್ ಆರ್ಮ್ ಬುಷ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳಿನ ಕೀಲಿನ ರಬ್ಬರ್) ಬದಲಾಯಿಸಿದರೆ ಆ ಬೋಲ್ಟನ್ನು ಗಾಡಿ ಜಾಕ್ ಮೇಲೆ ತೂಗಾಡುವಾಗ ಫೈನಲ್ ಟೈಟ್ ಮಾಡಬಾರದು. ಚಕ್ರ ನೆಲಕ್ಕೆ ಬಂದು ಗಾಡಿ ಭಾರ ಕೂತ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ, ರೈಡ್ ಗಟ್ಟಿಯಾಗುತ್ತದೆ, ಬೇಗ ಹರಿಯುತ್ತದೆ. ಅವಸರದ ಕೆಲಸದಲ್ಲಿ ತಪ್ಪೋದು ಇದೇ.

ಶಾಕ್ ಜೊತೆಗೇ ಸ್ಟ್ರಟ್ ಮೌಂಟ್, ಬೇರಿಂಗ್, ಬಂಪ್ ಸ್ಟಾಪರ್, ಡಸ್ಟ್ ಕವರ್ ಹೊಸದು ಹಾಕಿಸಿ. 80 ಸಾವಿರ ಓಡಿದ ಮೇಲೆ ಹಳೇ ಸ್ಟಾಪರ್ ಕೈಯಲ್ಲಿ ಹಿಡಿದರೆ ಪುಡಿ ಪುಡಿ ಉದುರುತ್ತದೆ. ಆ ಮೆತ್ತನೆಯ ಸ್ಟಾಪರ್ ಇಲ್ಲದೆ ಹಂಪ್‌ನಲ್ಲಿ ಶಾಕ್ ತಳ ಸೇರಿದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಅಮ್ಮನವರಿಗೆ ಬೀಳುತ್ತಿರುವ ಹೊಡೆತ ಇದೇ ಇರಬಹುದು, ಹಿಂದಿನ ಎರಡೂ ಸ್ಟಾಪರ್ ಮೊದಲು ನೋಡಿಸಿ. ಜೆಸಿ ರಸ್ತೆಯಿಂದ ತರುವುದಾದರೆ ಬಿಲ್ ಕೊಡುವ ಅಂಗಡಿಯಲ್ಲೇ ತನ್ನಿ, ನಕಲಿ ಡಬ್ಬಿ ಓಡಾಡುತ್ತದೆ.

ವಿಜಯನಗರ_ವಾಸಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಟೈರ್ ನೋಡಿದೆ, ಹಿಂದಿನವು ಗಾಡಿ ಜೊತೆ ಬಂದದ್ದೇ. ಅಂಗೈ ಸವರಿದರೆ ಮೇಲಿನವರು ಹೇಳಿದ ಹಾಗೇ ಉಬ್ಬುತಗ್ಗು ಸಿಕ್ಕಿತು. ಬಲಗಡೆ ಹಿಂದಿನ ಶಾಕ್ ಒದ್ದೆ ಇದೆ. 15 ಇಂಚಿನ ವೀಲ್, ಹೊಸ ಟೈರ್, ನಾಲ್ಕು ಶಾಕ್, ಜೊತೆಗೆ ರಬ್ಬರ್ ಸಾಮಾನು ಎಲ್ಲಾ ಒಟ್ಟಿಗೆ ಮಾಡಿಸೋಣ ಅಂತಿದ್ದೇನೆ. ಅಮ್ಮ ಈಗ ಮುಂದೆ ಕೂರುತ್ತಾರೆ, ಹೊಡೆತ ಕಡಿಮೆ ಅಂದರು.

ಒಂದು ಡೌಟು. ಒಂದೇ ಶಾಕ್ ಒದ್ದೆ ಇರುವಾಗ ನಾಲ್ಕೂ ಬೇಕಾ? ಮತ್ತೆ ಅಲೈನ್ಮೆಂಟ್ ಅದೇ ದಿನ ಮಾಡಿಸಬೇಕಾ?

ಮಾಗಡಿರೋಡ್_ಗ್ಯಾರೇಜ್

ಒಂದೇ ಹಾಕಿದರೆ ಎಡ ಬಲ ಬೇರೆ ಬೇರೆ ಆಗುತ್ತದೆ, ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯಬಹುದು. ಜೋಡಿ ಹಾಕಿಸಲೇಬೇಕು. ದುಡ್ಡು ಕಷ್ಟ ಅಂದರೆ ಈಗ ಹಿಂದಿನ ಜೋಡಿ ಮಾಡಿಸಿ. ಅಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ ಇರುವುದರಿಂದ ಕೂಲಿಯೂ ಕಡಿಮೆ. ಮುಂದಿನದು ಆಮೇಲೆ ಮಾಡಿಸಬಹುದು.

ಮುಂದಿನ ಸ್ಟ್ರಟ್ ಬಿಚ್ಚಿದ ದಿನವೇ ಅಲೈನ್ಮೆಂಟ್ ಮಾಡಿಸಿ, ಒಂದು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿಸಿ. ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂದಿನ ಚಕ್ರಗಳನ್ನು ಜೋಡಿಸುವ ಒಂದೇ ಅಡ್ಡ ತೊಲೆ) ಇರೋದರಿಂದ ಅಲ್ಲಿ ಅಡ್ಜಸ್ಟ್ ಮಾಡೋಕೆ ಏನೂ ಇಲ್ಲ. ಅಳತೆ ತೋರಿಸಲಿ, ಅದಕ್ಕೆ ಬೇರೆ ದುಡ್ಡು ಕೇಳಿದರೆ ಕೊಡಬೇಡಿ. ವೀಲ್ ತಗೊಳ್ಳುವ ಮೊದಲು ಒಂದನ್ನು ಹಾಕಿಸಿ, ಬ್ರೇಕ್ ಕ್ಯಾಲಿಪರ್‌ಗೆ ತಾಗುತ್ತಾ ಅಂತ ಕೈಯಲ್ಲಿ ತಿರುಗಿಸಿ ನೋಡಿ, ಆಮೇಲೆ ಉಳಿದ ಮೂರಕ್ಕೆ ದುಡ್ಡು ಕೊಡಿ.