ಕೊಟ್ಟಿಗೆ ನೀರು ಹಳ್ಳ ಸೇರುತ್ತಿದೆ, ಗೋಬರ್ ಗ್ಯಾಸ್ ಹಾಕಿಸಿದರೆ ನಿಲ್ಲುತ್ತದಾ?

ಹಳ್ಳದಂಚಿನ ಮನೆ:
ಶಿರಸಿ ಕಡೆಯವನು ನಾನು. ಎಂಟು ದನ ಇವೆ, ದಿನಕ್ಕೆ 80 ಕೆಜಿ ಹತ್ತಿರ ಸಗಣಿ. ತಿಪ್ಪೆ ಇಳಿಜಾರಿನಲ್ಲಿದೆ, ಮಳೆ ಹಿಡಿಯಿತು ಅಂದರೆ ಕಪ್ಪು ನೀರು ಸೀದಾ ಹಳ್ಳಕ್ಕೆ ಇಳಿಯುತ್ತದೆ, ಕೆಳಗಿನ ಮನೆಯವರು ಅದೇ ನೀರನ್ನು ದನಕ್ಕೆ ಕುಡಿಸುತ್ತಾರೆ. ತುಂಬಾ ಬೇಜಾರು. ಗೋಬರ್ ಗ್ಯಾಸ್ ಹಾಕಿಸಿದರೆ ಇದು ನಿಲ್ಲುತ್ತದಾ? ಟಾಯ್ಲೆಟ್ ಪೈಪನ್ನೂ ಅದಕ್ಕೇ ಕೊಡಬಹುದಾ?

ತೋಟದ ಭಟ್ರು:
ಖಂಡಿತ ಹಾಕಿಸಿ. 25 ಕೆಜಿ ಸಗಣಿಗೆ ಸುಮಾರು 1 ಘನ ಮೀಟರ್ ಗ್ಯಾಸ್, ಹಾಗಾಗಿ ನಿಮಗೆ 3 ಘನ ಮೀಟರಿನ ದೀನಬಂಧು ಮಾದರಿ (ನೆಲದೊಳಗೆ ಕಟ್ಟುವ ಗುಮ್ಮಟದ ಟ್ಯಾಂಕು) ಸರಿ. ದಿನಕ್ಕೆ ಒಂದೂಕಾಲು ಕೆಜಿ ಸಿಲಿಂಡರ್ ಗ್ಯಾಸಿನಷ್ಟು ಉರಿ ಸಿಗುತ್ತದೆ, ಮನೆ ಅಡುಗೆ ಮುಗಿದು ಮಿಗುತ್ತದೆ. ಸಗಣಿಯಷ್ಟೇ ನೀರು ಕಲಸಿ. ಕೊಟ್ಟಿಗೆ ತೊಳೆದ ನೀರನ್ನೆಲ್ಲ ಒಳಗೆ ಬಿಟ್ಟರೆ ಸಗಣಿ ಕೊಳೆಯುವ ಮೊದಲೇ ಹೊರಗೆ ಬಂದುಬಿಡುತ್ತದೆ. ಟಾಯ್ಲೆಟ್ಟನ್ನೂ ಸೇರಿಸುವುದಾದರೆ ಟ್ಯಾಂಕಿಗೆ ಅದರದ್ದೇ ಬೇರೆ ಪೈಪ್ ಕೊಡಿ, ಆಮೇಲೆ ಫಿನಾಯಿಲ್, ಆಸಿಡ್ ಹಾಕಲೇಬೇಡಿ. ಗ್ಯಾಸ್ ಮಾಡುವ ಬ್ಯಾಕ್ಟೀರಿಯಾ ಸಾಯುತ್ತವೆ.

ಮಣ್ಣು ನೀರು:
ಭಟ್ರು ಹೇಳಿದ್ದು ಸರಿ, ಆದರೆ ಗ್ಯಾಸ್ ಹಾಕಿಸಿದ ತಕ್ಷಣ ಹಳ್ಳ ಚೊಕ್ಕ ಆಗುತ್ತದೆ ಅಂದುಕೊಳ್ಳಬೇಡಿ ಅಣ್ಣಾ. ಗ್ಯಾಸ್ ಆಗಿ ಹೋಗುವುದು ಇಂಗಾಲ. ಅಷ್ಟರಮಟ್ಟಿಗೆ ನೀರಿನ ಆಮ್ಲಜನಕ ತಿನ್ನುವ ಕೊಳೆ ಕಡಿಮೆಯಾಗುತ್ತದೆ, ವಾಸನೆಯೂ ಇಳಿಯುತ್ತದೆ. ಸಾರಜನಕ, ರಂಜಕ ಮಾತ್ರ ಹೆಚ್ಚುಕಮ್ಮಿ ಪೂರ್ತಿ ಸ್ಲರಿಯಲ್ಲೇ, ಅಂದರೆ ಗ್ಯಾಸ್ ಆದ ಮೇಲೆ ಹೊರಬರುವ ಸಗಣಿ ರಾಡಿಯಲ್ಲೇ, ಉಳಿಯುತ್ತವೆ, ನೀರಲ್ಲಿ ಪಾಚಿ, ಕಳೆ ಬೆಳೆಸುವುದು ಅವೇ. ಸ್ಲರಿ ಗುಂಡಿ ಮಳೆಗೆ ತುಂಬಿ ಹರಿದರೆ ನಿಮ್ಮ ಕಥೆ ಮತ್ತೆ ಮೊದಲಿನದ್ದೇ, ಅಲ್ವಾ? ಎರಡು ಗುಂಡಿ ಮಾಡಿ, ಮೇಲೆ ಶೀಟ್ ಹಾಕಿ, ದರಕು (ಒಣಗಿದ ಎಲೆ) ತುಂಬಿ ಸ್ಲರಿ ಹೀರಿಸಿ, ಮಳೆ ಬಿಟ್ಟ ಮೇಲೆ ಅಡಿಕೆ ಬುಡಕ್ಕೆ ಕೊಡಿ. ಟಾಯ್ಲೆಟ್ ಸೇರಿಸಿದರೆ ಹಸಿಯಾಗಿ ತಿನ್ನುವ ತರಕಾರಿಗೆ ಆ ಸ್ಲರಿ ಬೇಡ, ಜಂತುಹುಳದ ಮೊಟ್ಟೆ ಒಳಗೆ ಪೂರ್ತಿ ಸಾಯುವುದಿಲ್ಲ.

ಬೆಂಗಳೂರು ಹುಡುಗಿ:
ಪೇಟೆಯಲ್ಲೂ ಇದೇ ಲೆಕ್ಕ. ಸೂರತ್‌ನಲ್ಲಿ 2003ರಿಂದಲೇ ಚರಂಡಿ ನೀರಿನ ಕೆಸರಿನಿಂದ ಗ್ಯಾಸ್ ತೆಗೆದು ಕರೆಂಟ್ ಮಾಡುತ್ತಿದ್ದಾರೆ. ಆದರೆ ಕೊಳಚೆ ನೀರು ಶುದ್ಧೀಕರಣ ಘಟಕದ ತನಕ ಬಂದರೆ ತಾನೇ? ನಮ್ಮ ಬೆಳ್ಳಂದೂರು ಕೆರೆಗೆ ವರ್ಷಗಟ್ಟಲೆ ಹಾಗೇ ಬಿಟ್ಟು, ನೊರೆ ಎದ್ದಿದ್ದನ್ನೂ ಬೆಂಕಿ ಹತ್ತಿದ್ದನ್ನೂ ಕಣ್ಣಾರೆ ನೋಡಿದ್ದೇನೆ.

ಹಳ್ಳದಂಚಿನ ಮನೆ:
ಎಲ್ಲರಿಗೂ ಥ್ಯಾಂಕ್ಸ್. ಗುಂಡಿಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಕೊಟ್ಟಿಗೆಯ ಮೇಲ್ಗಡೆ ಸ್ವಲ್ಪ ಸಮತಟ್ಟು ಜಾಗ ಇದೆ, ಆದರೆ ಬಾವಿ ಅಲ್ಲೇ ಹತ್ತಿರ. ಬಾವಿಯಿಂದ ಎಷ್ಟು ದೂರ ಬಿಟ್ಟಿದ್ದೀರಿ ಭಟ್ರೇ?