ಪ್ಯಾರಿಸ್ ಬೇಡ, ಸೈಫೆನ್ ಸಾಕು

(ಚನ್ನಪಟ್ಟಣದ ಹೈಸ್ಕೂಲ್ ಗೆಳೆಯರ ಗುಂಪು)

ಶಿವು: ಇದನ್ನು ಓದಿ. ಇಂಗ್ಲೆಂಡಿನ ರಟ್ಲೆಂಡ್‌ನಲ್ಲಿ ವಿಟ್‌ವೆಲ್ ಅಂತ ಪುಟ್ಟ ಹಳ್ಳಿ. ಪಬ್‌ನಲ್ಲಿ ಕೂತವರು ಪ್ಯಾರಿಸ್ ಮೇಯರ್‌ಗೆ ಕಾಗದ ಹಾಕಿದರಂತೆ. ಆಗ ಮೇಯರ್ ಆಗಿದ್ದವರು ಜಾಕ್ ಶಿರಾಕ್. ‘ನಮ್ಮಿಬ್ಬರ ಊರು ಅವಳಿ ಊರಾಗಲಿ (ಅಂದರೆ ಬೇರೆ ಬೇರೆ ದೇಶದ ಎರಡು ಊರು ಅಧಿಕೃತವಾಗಿ ಗೆಳೆತನ ಮಾಡಿಕೊಂಡು ಹೋಗಿ ಬರೋದು). ಇಂಥ ದಿನದೊಳಗೆ ಉತ್ತರ ಬರದಿದ್ದರೆ ಒಪ್ಪಿಗೆ ಅಂತಲೇ ತಿಳಿಯುತ್ತೇವೆ’ ಅಂತ. ಉತ್ತರ ಬರಲಿಲ್ಲ. ಊರ ಬಾಗಿಲಲ್ಲಿ ಬೋರ್ಡು ಹಾಕಿಯೇ ಬಿಟ್ಟರು 😂 ನಾವೂ ಒಂದು ಹಾಕೋಣ್ವಾ?

ನಾಗರಾಜ: ಪ್ಯಾರಿಸ್‌ಗೆ 1956ರಿಂದ ರೋಮ್ ಒಂದೇ ಅವಳಿ. ನಿನ್ನ ಬೋರ್ಡು ನೋಡಿ ಯಾರು ಬರ್ತಾರೋ? ಮೊದಲು ಚರಂಡಿ ಸರಿ ಮಾಡಿಸು.

ರೇಖಾ: ಚರಂಡಿಗೂ ಇದಕ್ಕೂ ಏನು ಸಂಬಂಧ ನಾಗ? ಪ್ಯಾರಿಸ್ ಬಿಡಿ. ಜರ್ಮನಿಯಲ್ಲಿ ನಾನಿರುವ ಡ್ರೆಸ್ಡನ್ನಿನ ದಕ್ಷಿಣಕ್ಕೆ, ಚೆಕ್ ಗಡಿಯ ಹತ್ತಿರ ಸೈಫೆನ್ ಅಂತ ಊರಿದೆ. ಮೊದಲು ತವರದ ಗಣಿ ಇತ್ತು. ಗಣಿ ಸೊರಗಿದ ಮೇಲೆ ಜನ ಮರದ ಆಟಿಕೆ ಹಿಡಿದರು. ನಮ್ಮೂರಿಗೆ ಜೋಡಿ ಅಂದರೆ ಅದು.

ನಾಗರಾಜ: ಇಂಗ್ಲೆಂಡಿನಲ್ಲೇ ಬಿಷಪ್ಸ್ ಸ್ಟಾರ್ಟ್‌ಫರ್ಡ್ ಅನ್ನೋ ಊರು ಫ್ರಾನ್ಸ್, ಜರ್ಮನಿಯ ಜೋಡಿ ಊರುಗಳ ಸಹವಾಸ ಸಾಕು ಅಂತ 2011ರಲ್ಲಿ ಕೈಬಿಟ್ಟಿತು. ಇದೆಲ್ಲ ಹಾರ, ತುರಾಯಿ, ಫೋಟೋ. ಆಮೇಲೆ ನಗರಸಭೆ ಸದಸ್ಯರ ಅಧ್ಯಯನ ಪ್ರವಾಸ.

ಸಲೀಂ: ಅವರೂ ಲೇತ್‌ನಲ್ಲೇ ಕಡೆಯುತ್ತಾರಾ ರೇಖಾ?

ರೇಖಾ: ಹೌದು, ಆದರೆ ಬೇರೆ ಥರ. ಒದ್ದೆ ಮರದ ತುಂಡನ್ನು ದೊಡ್ಡ ಬಳೆಯ ಹಾಗೆ ಕಡೆಯುತ್ತಾರೆ. ಆಮೇಲೆ ಆ ಬಳೆಯನ್ನು ಚಾಕುವಿನಿಂದ ಹೋಳು ಹೋಳಾಗಿ ಸೀಳುತ್ತಾರೆ. ಒಂದೊಂದು ಹೋಳೂ ಒಂದೊಂದು ಕುದುರೆ, ಹಸು! ಸೀಳುವ ತನಕ ಒಳಗಿನ ಆಕಾರ ಕಡೆಯುವವನ ಕಣ್ಣಿಗೂ ಬೀಳುವುದಿಲ್ಲ.

ಸಲೀಂ: ಅಬ್ಬಾ. ನಾವು ಹಾಲೆ ಮರವನ್ನು ಒಂದೊಂದಾಗಿ ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತುತ್ತೇವೆ. ಉಜ್ಜಿದ ಬಿಸಿಗೆ ಬಣ್ಣ ಕರಗಿ ಹತ್ತುತ್ತದೆ. ಅದನ್ನು ಅವರಿಗೆ ತೋರಿಸಬೇಕು. ಅವರದನ್ನು ನಾನು ನೋಡಬೇಕು.

ನಾಗರಾಜ: ಯೂಟ್ಯೂಬ್‌ನಲ್ಲಿ ನೋಡು. ಬಾವಾಸ್ ಮಿಯಾ ಜಪಾನಿನ ಅರಗಿನ ಕೆಲಸವನ್ನು ನಮ್ಮೂರಿಗೆ ತಂದಾಗ ಯಾವ ಅವಳಿ ಊರಿತ್ತು?

ಸಲೀಂ: ಉಳಿ ಎಷ್ಟು ಓರೆ ಹಿಡಿಯಬೇಕು ಅನ್ನುವುದು ಯೂಟ್ಯೂಬ್‌ನಲ್ಲಿ ಬರಲ್ಲಪ್ಪ. ಕೈ ಪಕ್ಕ ಕೈ ಇಟ್ಟು ಕಲಿಯಬೇಕು. ಮತ್ತೆ, ಲೇತ್ ಮುಂದೆ ಕೂತವನಿಗೆ ಸುಮ್ನೆ ವೀಸಾ ಕೊಡ್ತಾರಾ? ಆ ಊರಿನವರೇ ಕರೆದರೆ ಬೇರೆ ಮಾತು.

ನಾಗರಾಜ: ಸರಿ, ನೀನು ಹೋಗೋದಾದರೆ ನನ್ನ ತಕರಾರಿಲ್ಲ. ಹೋಗುವವರ ಪಟ್ಟಿಯಲ್ಲಿ ಮೊದಲ ಎರಡು ಹೆಸರು ಕಡೆಯುವವರದೇ ಇರಬೇಕು. ಸದಸ್ಯರು ಸ್ವಂತ ದುಡ್ಡಲ್ಲಿ ಬರಲಿ.

ಶಿವು: ಹಾಗಾದರೆ ಬೋರ್ಡು?

ರೇಖಾ: ಬೋರ್ಡು ಕೊನೆಗೆ ಕಣೋ. ಸಲೀಂ, ಅರಗು ಹಚ್ಚುವ ವಿಡಿಯೋ ಒಂದು ಕಳಿಸು, ಅಲ್ಲಿನ ಆಟಿಕೆ ಮ್ಯೂಸಿಯಂಗೆ ಬರೆಯುತ್ತೇನೆ. ಮುಖ ಬೇಡ, ಕೈ ಕಾಣಲಿ. ಹಿಂದೆ ಟಿವಿ ಸೌಂಡೂ ಬೇಡ.